ಮರಳಿ ಬರುವವರ ಆಟ

ಭಾರವಾದ ಚೆಂಡನ್ನು ಉರುಳಿಸಿ ಹತ್ತು ಪಿನ್ನುಗಳನ್ನು ಕೆಡಹುವ ಬೌಲಿಂಗ್ ಆಟದ ಭವಿತವ್ಯವನ್ನು ಕುರಿತು ಪಾಶ್ಚಾತ್ಯ ದೇಶಗಳಲ್ಲಿ, ವಿಶೇಷವಾಗಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ, ಈಗ ಒಂದು ಅಭಿಪ್ರಾಯವು ಸ್ವತಃಸಿದ್ಧವಾದ ಸತ್ಯವೆಂಬಂತೆ ಪ್ರಚಲಿತವಾಗಿದೆ. ತಂಡ ಕಟ್ಟಿಕೊಂಡು, ವಾರಕ್ಕೊಂದು ಸಂಜೆಯನ್ನು ಆಟಕ್ಕೆಂದೇ ಮೀಸಲಿಟ್ಟು, ಸೆಪ್ಟೆಂಬರಿನಿಂದ ವಸಂತಕಾಲದವರೆಗೆ ತಪ್ಪದೆ ಆಡುತ್ತಿದ್ದ ಲೀಗುಗಳ ಯುಗವು ಮುಗಿಯಿತೆಂದೂ, ಇನ್ನು ಈ ಆಟವು ಬಾಳಬೇಕಾದರೆ ಬಣ್ಣದ ಬೆಳಕು, ಅಬ್ಬರದ ಸಂಗೀತ, ಭೋಜನ, ಪಾನೀಯ, ವಿಡಿಯೊ ಯಂತ್ರಗಳು ಇವುಗಳ ನಡುವೆ ಹಲವು ವಿನೋದಗಳಲ್ಲಿ ಒಂದಾಗಿ ಬಾಳಬೇಕೆಂದೂ, ಹುಟ್ಟುಹಬ್ಬಕ್ಕೋ ಕಚೇರಿಯ ಕೂಟಕ್ಕೋ ವರ್ಷಕ್ಕೆ ಒಂದೆರಡು ಸಲ ಬಂದುಹೋಗುವ ಅಸಂಖ್ಯಾತ ಜನರೇ ಅದರ ಮುಂದಿನ ಆಧಾರವೆಂದೂ ಕೇಂದ್ರಗಳ ಮಾಲೀಕರು ಹೇಳುತ್ತಾರೆ. ಬಂಡವಾಳ ಹೂಡುವವರು ನಂಬುತ್ತಾರೆ. ವ್ಯಾಪಾರವಾರ್ತೆಗಳನ್ನು ಬರೆಯುವವರು ಪುನರುಚ್ಚರಿಸುತ್ತಾರೆ. ಈ ಅಭಿಪ್ರಾಯವು ಅಸತ್ಯವೆಂದೂ ಆಟಕ್ಕೆ ಅಪಾಯಕರವೆಂದೂ ನಾನು ತಿಳಿದಿದ್ದೇನೆ. ಬಾಗಿಲು ದಾಟಿದವರ ಸಂಖ್ಯೆಯಿಂದ ಒಂದು ವರ್ಷದ ವ್ಯಾಪಾರವನ್ನು ಅಳೆಯಬಹುದು. ಆಟದ ಆಯುಸ್ಸನ್ನು ಅಳೆಯಲಾಗದು. ಆಟವು ಬದುಕುವುದು ಮರಳಿ ಬರುವವರಿಂದ. ಈ ಮಾತನ್ನು ಸ್ಥಾಪಿಸುವುದೇ ಈ ಲೇಖನದ ಉದ್ದೇಶ.

ಖಂಡಿಸಹೊರಟವನು ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ನಿರೂಪಿಸತಕ್ಕದ್ದೆಂಬುದು ನಮ್ಮ ವಾದಪರಂಪರೆಯ ಮರ್ಯಾದೆ. ಅದನ್ನು ಮೊದಲು ಸಲ್ಲಿಸುತ್ತೇನೆ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಬೌಲಿಂಗ್ ಸಂಘಗಳಲ್ಲಿ ಸುಮಾರು 90 ಲಕ್ಷ ಸದಸ್ಯರಿದ್ದರು. ಆ ಸಂಘಗಳೆಲ್ಲ 2005ರಲ್ಲಿ ಒಂದಾಗಿ ರೂಪುಗೊಂಡ ಯುನೈಟೆಡ್ ಸ್ಟೇಟ್ಸ್ ಬೌಲಿಂಗ್ ಕಾಂಗ್ರೆಸ್ಸಿನಲ್ಲಿ ಇಂದು ಉಳಿದಿರುವವರು ಹತ್ತಿರ ಹತ್ತಿರ 10 ಲಕ್ಷ. ಸಮಾಜಶಾಸ್ತ್ರದ ಓದುಗರಿಗೆಲ್ಲ ಪರಿಚಿತರಾದ ರಾಬರ್ಟ್ ಪಟ್ನಮ್ ಅವರು 1995ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ, 1980ರಿಂದ 1993ರವರೆಗಿನ ಅವಧಿಯಲ್ಲಿ ಬೌಲಿಂಗ್ ಆಡುವವರ ಒಟ್ಟು ಸಂಖ್ಯೆಯು ಶೇಕಡಾ 10ರಷ್ಟು ಏರಿದ್ದರೂ ಲೀಗುಗಳಲ್ಲಿ ಆಡುವವರ ಸಂಖ್ಯೆಯು ಶೇಕಡಾ 40ರಷ್ಟು ಇಳಿದುಹೋದುದನ್ನು ಎತ್ತಿ ತೋರಿಸಿದರು. ಮಿಲ್ವಾಕಿ, ಡೆಟ್ರಾಯ್ಟ್, ಕ್ಲೀವ್‌ಲೆಂಡ್ ಮೊದಲಾದ ಕೈಗಾರಿಕಾ ನಗರಗಳಲ್ಲಿ ಪಾಳಿ ಮುಗಿಸಿ ಒಟ್ಟಾಗಿ ಆಡಹೋಗುತ್ತಿದ್ದ ಕಾರ್ಮಿಕರ ಕಾರ್ಖಾನೆಗಳೇ ಎಷ್ಟೋ ಮುಚ್ಚಿಹೋದವು. ಗಂಡಹೆಂಡಿರಿಬ್ಬರೂ ದುಡಿಯುವ ಮನೆಗಳಲ್ಲಿ, ದುಡಿಮೆಯ ವೇಳೆಯೇ ಅನಿಶ್ಚಿತವಾಗಿರುವ ಬಾಳಿನಲ್ಲಿ, ಮೂವತ್ತು ವಾರಗಳ ಕಾಲ ಒಂದೇ ಸಂಜೆಯನ್ನು ಕಾದಿರಿಸುವುದು ಸುಲಭವಲ್ಲ. ಇತ್ತ, ಗಂಟೆಯ ಲೆಕ್ಕದಲ್ಲಿ ಲೇನನ್ನು ಬಾಡಿಗೆಗೆ ಪಡೆಯುವ ವಾರಾಂತ್ಯದ ಅತಿಥಿಯು ರಿಯಾಯಿತಿಯ ದರದಲ್ಲಿ ಆಡುವ ಲೀಗಿನವನಿಗಿಂತ ಹೆಚ್ಚು ಹಣ ಕೊಡುತ್ತಾನೆ. ಇಂಗ್ಲೆಂಡಿನಲ್ಲಿ ಹಾಲಿವುಡ್ ಬೌಲ್ ಎಂಬ ಕಂಪನಿಯು ಇಂಥ ಅತಿಥಿಗಳ ಬಲದಿಂದಲೇ ಬೆಳೆದು 2016ರಲ್ಲಿ ಲಂಡನ್ನಿನ ಷೇರುಪೇಟೆಗೆ ಬಂದಿತು. ಅಮೆರಿಕದಲ್ಲಿ ನೂರಾರು ಕೇಂದ್ರಗಳನ್ನು ಕೊಂಡುಕೊಂಡ ಬೌಲೆರೊ ಕಂಪನಿಯು, 1958ರಲ್ಲಿ ಸ್ಥಾಪಿತವಾಗಿದ್ದ ವೃತ್ತಿಪರ ಬೌಲರುಗಳ ಸಂಘವನ್ನೇ 2019ರಲ್ಲಿ ಖರೀದಿಸಿ, 2024ರ ಕೊನೆಗೆ ಲಕ್ಕಿ ಸ್ಟ್ರೈಕ್ ಎಂಟರ್‌ಟೇನ್‌ಮೆಂಟ್ ಎಂಬ ಹೊಸ ಹೆಸರನ್ನು ಧರಿಸಿತು. ಇಷ್ಟೆಲ್ಲ ಕಣ್ಣೆದುರಿಗಿರುವಾಗ ಲೀಗುಗಳ ಮಾತೆತ್ತುವುದು ಗತವೈಭವದ ಹಂಬಲವಲ್ಲದೆ ಮತ್ತೇನೆಂಬುದು ಎದುರಾಳಿಗಳ ಪ್ರಶ್ನೆ.

ಈ ಸಂಗತಿಗಳಲ್ಲಿ ಒಂದನ್ನೂ ನಾನು ಅಲ್ಲಗಳೆಯುವುದಿಲ್ಲ. ಅವುಗಳಿಂದ ತೆಗೆದ ನಿರ್ಣಯವನ್ನು ಮಾತ್ರ ಒಪ್ಪಲಾರೆ. ಇಳಿದುಹೋಯಿತೆಂಬುದರಿಂದ ಇಳಿಯಲೇಬೇಕಾಗಿತ್ತೆಂಬುದು ಸಿದ್ಧಿಸದು. ಇನ್ನು ಏರಲಾರದೆಂಬುದಂತೂ ಸರ್ವಥಾ ಸಿದ್ಧಿಸದು. ಲೀಗುಗಳ ಕ್ಷಯಕ್ಕೆ ಕಾರ್ಖಾನೆಗಳ ಅವಸಾನವು ಒಂದು ಕಾರಣವಾದರೆ, ಒಳ್ಳೆಯ ಸಂಜೆಗಳನ್ನು ಲೀಗಿನವರಿಂದ ಕಿತ್ತು ಹೆಚ್ಚು ಬಾಡಿಗೆ ಕೊಡುವವರಿಗೆ ಕೊಟ್ಟುದು, ಆಟ ಕಲಿಸುವವರನ್ನು ಇಟ್ಟುಕೊಳ್ಳದೆಹೋದುದು, ಲೇನಿನ ಮೇಲಣ ಎಣ್ಣೆಯನ್ನು ಹೊತ್ತಿಗೆ ಸರಿಯಾಗಿ ಹಾಸುವ ಶ್ರದ್ಧೆ ತಪ್ಪಿದುದು ಇವೂ ಕಾರಣಗಳಾಗಬಲ್ಲವೆಂಬುದನ್ನು ಈ ವಾದಿಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಾಲುವೆಯ ನೀರನ್ನು ಬೇರೆ ಕಡೆಗೆ ತಿರುಗಿಸಿದವನೇ ತೋಟ ಒಣಗಿತೆಂದು ಬಂದು ಸಾಕ್ಷಿ ಹೇಳಿದರೆ ಆ ಸಾಕ್ಷ್ಯದ ಬೆಲೆಯೆಷ್ಟೋ, ಲೀಗುಗಳಿಗೆ ಅವಕಾಶವನ್ನು ಕುಗ್ಗಿಸಿದ ಮೇಲೆ ಜನಕ್ಕೆ ಲೀಗು ಬೇಡವಾಗಿದೆಯೆಂದು ಹೇಳುವ ಮಾತಿನ ಬೆಲೆಯೂ ಅಷ್ಟೆ.

ಇತಿಹಾಸವು ಈ ವಿಷಯದಲ್ಲಿ ಮೂರು ಸಲ ಸ್ಪಷ್ಟವಾದ ತೀರ್ಪನ್ನು ಕೊಟ್ಟಿದೆ. ಮೊದಲನೆಯದು ಅಮೆರಿಕದ್ದೇ. ಹಿಂದೆ ಲೇನಿನ ಕೊನೆಯಲ್ಲಿ ಹುಡುಗರು ಕುಳಿತು, ಬಿದ್ದ ಪಿನ್ನುಗಳನ್ನು ಕೈಯಿಂದ ಎತ್ತಿ ನಿಲ್ಲಿಸಿ, ಚೆಂಡನ್ನು ಹಿಂದಿರುಗಿಸುತ್ತಿದ್ದರು. 1946ರಲ್ಲಿ ಎ.ಎಂ.ಎಫ್. ಕಂಪನಿಯು ಬಫಲೋ ನಗರದಲ್ಲಿ ಆ ಕೆಲಸವನ್ನು ತಾನೇ ಮಾಡುವ ಯಂತ್ರವನ್ನು ಪ್ರದರ್ಶಿಸಿತು. 1950ರ ದಶಕದಲ್ಲಿ ಯಂತ್ರವು ಊರೂರಿಗೆ ಹಬ್ಬಿತು, ಎ.ಎಂ.ಎಫ್. ಯಂತ್ರಗಳನ್ನು ಬಾಡಿಗೆಗೆ ಕೊಟ್ಟಿತು, 1845ರಿಂದ ನಡೆದುಬಂದಿದ್ದ ಬ್ರನ್ಸ್‌ವಿಕ್ ಕಂಪನಿಯು ಕಂತಿನ ಮೇಲೆ ಮಾರಿತು. ಸಾಲ ಸುಲಭವಾಗಿ ದೊರೆತುದರಿಂದ ಕೇಂದ್ರಗಳು ಬೇಕಾದುದಕ್ಕಿಂತ ಹೆಚ್ಚಾಗಿ ಎದ್ದವು. ಷೇರುಗಳ ಬೆಲೆ ಗಗನಕ್ಕೇರಿ 1960ರ ದಶಕದ ಆದಿಯಲ್ಲಿ ನೆಲಕ್ಕೆ ಬಿದ್ದಿತು. ಇಲ್ಲಿ ಗಮನಿಸತಕ್ಕ ಮಾತು ಮುಂದಿನದು. ಹಣ ಹೂಡಿದವರು ಓಡಿಹೋದ ಮೇಲೆ ಆಟವನ್ನು ಕೈಬಿಡದೆ ದಾಟಿಸಿದವರು ಲೀಗಿನವರು. ಷೇರು ಕುಸಿದು ಹದಿನೈದು ವರ್ಷಗಳಾದ ಮೇಲೆ ಸಂಘಗಳ ಸದಸ್ಯಸಂಖ್ಯೆಯು ತನ್ನ ಶಿಖರವನ್ನು ಮುಟ್ಟಿತು. ಎರಡನೆಯ ಉದಾಹರಣೆ ಜಪಾನಿನದು. 1970ರಲ್ಲಿ ನಕಯಾಮ ರಿತ್ಸುಕೊ ಎಂಬ ಆಟಗಾರ್ತಿಯು ಒಂದೂ ತಪ್ಪದೆ 300 ಅಂಕಗಳ ಪರಿಪೂರ್ಣ ಆಟವಾಡಿದುದನ್ನು ದೂರದರ್ಶನದಲ್ಲಿ ಕಂಡು ದೇಶವೇ ಪುಲಕಿತವಾಯಿತು. 1972ರ ಹೊತ್ತಿಗೆ ಅಲ್ಲಿ ಮೂರೂವರೆ ಸಾವಿರಕ್ಕೂ ಹೆಚ್ಚು ಕೇಂದ್ರಗಳಿದ್ದವು. ಟೋಕಿಯೋದಲ್ಲಿ ಒಂದೇ ಸೂರಿನಡಿ 252 ಲೇನುಗಳ ಕೇಂದ್ರವೂ ಇದ್ದಿತು. ತೈಲದ ಬಿಕ್ಕಟ್ಟು ಬಂದು, ನಾವೀನ್ಯವು ಮಾಸಿ, ಕೆಲವೇ ವರ್ಷಗಳಲ್ಲಿ ಅವುಗಳ ಬಹುಭಾಗವು ಬಾಗಿಲು ಹಾಕಿತು. ಮೂರನೆಯದು ಇಂಗ್ಲೆಂಡಿನದು: 1960ರ ಆದಿಯಲ್ಲಿ ಲಂಡನ್ನಿನ ಸ್ಟ್ಯಾಮ್‌ಫರ್ಡ್ ಹಿಲ್ಲಿನಲ್ಲಿ ಚಿತ್ರಮಂದಿರವೊಂದನ್ನು ಮಾರ್ಪಡಿಸಿ ತೆರೆದ ಕೇಂದ್ರದಿಂದ ಆರಂಭವಾದ ಸಡಗರವು ದಶಕವು ಕಳೆಯುವಷ್ಟರಲ್ಲಿಯೇ ತಣ್ಣಗಾಯಿತು. ಮೂರೂ ಕಡೆ ಕಿಕ್ಕಿರಿದ ಜನರನ್ನು ಕಂಡವರು ಅದನ್ನೇ ಶಾಶ್ವತವಾದ ಜನಪ್ರಿಯತೆಯೆಂದು ಬಗೆದಿದ್ದರು. ಇಂದು ಬೆಳಕು ಸಂಗೀತಗಳ ಕೇಂದ್ರಗಳನ್ನು ಕಂಡು ಭವಿಷ್ಯವು ಉಜ್ವಲವೆನ್ನುವವರೂ ಅದೇ ಪ್ರಮಾಣವನ್ನು ಹಿಡಿದಿದ್ದಾರೆ.

ಒಂದೆರಡು ಸಲ ಬಂದವನು ಮತ್ತೆ ಏಕೆ ಬರುವುದಿಲ್ಲವೆಂಬುದಕ್ಕೆ ಕಾರಣವು ಆಟದ ಸ್ವರೂಪದಲ್ಲಿಯೇ ಇದೆ. ಹೊಸಬನ ಕಣ್ಣಿಗೆ ಬೌಲಿಂಗ್ ಅತ್ಯಂತ ಸರಳ: ಅರುವತ್ತು ಅಡಿ ದೂರದಲ್ಲಿ ಹದಿನೈದು ಅಂಗುಲ ಎತ್ತರದ ಹತ್ತು ಪಿನ್ನುಗಳು ತ್ರಿಕೋನಾಕಾರವಾಗಿ ನಿಂತಿವೆ, ಹದಿನಾರು ಪೌಂಡಿಗೆ ಮೀರದ ಒಂದು ಚೆಂಡಿದೆ, ಉರುಳಿಸಿದರಾಯಿತು. ಚೆಂಡನ್ನು ನೇರವಾಗಿ ಮುಂದಿನ ಪಿನ್ನಿನ ನೆತ್ತಿಗೇ ಬಡಿಯುವಂತೆ ಬಿಟ್ಟರೆ ಎಲ್ಲವೂ ಬೀಳುವುವೆಂದು ಅವನು ಭಾವಿಸುತ್ತಾನೆ. ನಡುವಿನವು ಬಿದ್ದು, ಎರಡು ಮೂಲೆಗಳಲ್ಲಿ ಒಂದೊಂದು ಪಿನ್ನು ದೂರದೂರವಾಗಿ ನಿಂತುಬಿಟ್ಟಾಗ ಅದು ದುರದೃಷ್ಟವೆಂದುಕೊಳ್ಳುತ್ತಾನೆ. ವಾರವಾರವೂ ಆಡುವವನು ಬಲ್ಲ: ಬಲಗೈಯವನ ಚೆಂಡು ಹೊರಬದಿಯಿಂದ ಬಾಗಿ ಬಂದು, ಮೊದಲನೆಯ ಮತ್ತು ಮೂರನೆಯ ಪಿನ್ನುಗಳ ನಡುವಣ ಸಂದನ್ನು ಸುಮಾರು ಆರು ಡಿಗ್ರಿಗಳ ಕೋನದಲ್ಲಿ ಹೊಗಬೇಕು. ಹಾಗೆ ಹೊಕ್ಕ ನಿರ್ದುಷ್ಟವಾದ ಎಸೆತದಲ್ಲಿ ಚೆಂಡು ತಾನಾಗಿ ಮುಟ್ಟುವುದು ನಾಲ್ಕೇ ಪಿನ್ನುಗಳನ್ನು, ಒಂದು, ಮೂರು, ಐದು, ಒಂಬತ್ತು. ಉಳಿದ ಆರನ್ನು ಕೆಡಹುವವು ಆ ಪಿನ್ನುಗಳೇ, ಒಂದು ಇನ್ನೊಂದಕ್ಕೆ ತಗಲಿ. ಮೂವತ್ತೊಂಬತ್ತು ಮರದ ಪಟ್ಟಿಗಳಷ್ಟು ಅಗಲದ ಆ ಲೇನಿನ ಮೇಲೆ, ಸಾಮಾನ್ಯವಾಗಿ ಮೊದಲ ನಲವತ್ತು ಅಡಿಗಳಷ್ಟು ದೂರ, ಕಣ್ಣಿಗೆ ಕಾಣದ ಎಣ್ಣೆಯ ಪದರವೊಂದು ಹಾಸಿರುತ್ತದೆ; ಎಣ್ಣೆಯ ಮೇಲೆ ಜಾರುವ ಚೆಂಡು, ಎಣ್ಣೆ ಮುಗಿದೆಡೆ ನೆಲವನ್ನು ಹಿಡಿದು ಬಾಗುತ್ತದೆ. ಆಟ ಸಾಗಿದಂತೆ ಚೆಂಡುಗಳು ಆ ಎಣ್ಣೆಯನ್ನು ಒರಸಿಕೊಂಡು ಹೋಗುವುದರಿಂದ ಮೊದಲ ಆಟದಲ್ಲಿ ಗುರಿ ಮುಟ್ಟಿಸಿದ ದಾರಿಯು ಮೂರನೆಯ ಆಟದಲ್ಲಿ ದಾರಿ ತಪ್ಪಿಸುತ್ತದೆ. ಬಲ್ಲವನು ಅದನ್ನು ಚೆಂಡಿನ ನಡೆಯಿಂದಲೇ ಓದಿ, ತನ್ನ ನಿಲುವನ್ನು ಎರಡು ಪಟ್ಟಿಗಳಷ್ಟು ಎಡಕ್ಕೆ ಸರಿಸುತ್ತಾನೆ. ಅಂಕಗಳ ಗಣನೆಯಲ್ಲಿಯೂ ಇಂಥ ಸೂಕ್ಷ್ಮವಿದೆ: ಹತ್ತನ್ನೂ ಒಂದೇ ಎಸೆತಕ್ಕೆ ಬೀಳಿಸಿದ ಸ್ಟ್ರೈಕಿನ ಬೆಲೆಯು ಹತ್ತಕ್ಕೆ ಮುಂದಿನ ಎರಡು ಎಸೆತಗಳ ಫಲವನ್ನು ಕೂಡಿದ ಮೇಲೆಯೇ ಗೊತ್ತಾಗತಕ್ಕದ್ದು, ಎರಡು ಎಸೆತಗಳಲ್ಲಿ ಮುಗಿಸಿದ ಸ್ಪೇರಿನದು ಮುಂದಿನ ಒಂದನ್ನು ಕೂಡಿದ ಮೇಲೆ.

ಈ ಸ್ವಾರಸ್ಯವೆಲ್ಲವೂ ಬಂದುಹೋಗುವವನಿಗೆ ಅಗೋಚರ. ಅವನ ಕೈಗೆ ಯಾರದೋ ಬೆರಳಿನ ಅಳತೆಗೆ ಕೊರೆದ ಚೆಂಡನ್ನು ಕೊಟ್ಟು, ಕಣ್ಣು ಕೋರೈಸುವ ಬೆಳಕಿನಲ್ಲಿ ನಿಲ್ಲಿಸಿ, ಮಾತು ಕೇಳಿಸದಷ್ಟು ಸಂಗೀತವನ್ನು ಹಾಕಿ, ಗಂಟೆ ಮುಗಿದೊಡನೆ ಹೊರಗೆ ಕಳುಹಿಸಿದರೆ, ಅವನು ಒಂದು ಸಂಜೆಯ ಸಂತೋಷವನ್ನು ಪಡೆದಿರಬಹುದು, ಆಟವನ್ನು ಪಡೆದಿರುವುದಿಲ್ಲ. ಬೌಲಿಂಗಿನಲ್ಲಿ ಬೌಲಿಂಗಿಗೇ ವಿಶಿಷ್ಟವಾದುದನ್ನು ಅವನಿಗೆ ಕಾಣಿಸದಿದ್ದ ಮೇಲೆ, ಆ ಸಂತೋಷವನ್ನು ಮುಂದಿನ ವರ್ಷ ಬೇರೆ ಯಾವ ವಿನೋದವಾದರೂ ಕೊಡಬಲ್ಲದು, ಇನ್ನೂ ಅಗ್ಗವಾಗಿ ಕೊಡಬಲ್ಲದು. ಆಗ ಅವನನ್ನು ಈ ಬಾಗಿಲಿಗೆ ಹಿಂದಕ್ಕೆ ಸೆಳೆಯುವ ಬಂಧವೊಂದೂ ಉಳಿದಿರುವುದಿಲ್ಲ. ವಿನೋದಗಳ ಮಾರುಕಟ್ಟೆಯಲ್ಲಿ ಹಲವುಗಳಲ್ಲಿ ಒಂದಾಗಿ ನಿಲ್ಲುವುದೆಂದರೆ, ಆ ಹಲವುಗಳಲ್ಲಿ ಯಾವುದರಿಂದಲಾದರೂ ತಳ್ಳಿಸಿಕೊಳ್ಳಲು ಸಿದ್ಧವಾಗಿ ನಿಲ್ಲುವುದೆಂದೇ ಅರ್ಥ.

ಲೀಗೆಂಬ ವ್ಯವಸ್ಥೆಯು ಮಾಡುವ ಉಪಕಾರವು ಇದಕ್ಕೆ ವಿರುದ್ಧವಾದುದು. ಅದು ಪ್ರವೀಣರ ಕೂಟವೆಂದು ತಿಳಿಯುವವರು ಹ್ಯಾಂಡಿಕ್ಯಾಪ್ ಎಂಬ ಪೂರಕ ಅಂಕಗಳ ಲೆಕ್ಕವನ್ನು ಒಮ್ಮೆ ನೋಡಬೇಕು. ಒಂದು ಲೀಗಿನ ಆಧಾರಸಂಖ್ಯೆಯು 220 ಎಂದೂ, ವ್ಯತ್ಯಾಸದ ಶೇಕಡಾ 90ರಷ್ಟನ್ನು ಪೂರೈಸುವುದು ಅದರ ನಿಯಮವೆಂದೂ ಇಟ್ಟುಕೊಳ್ಳೋಣ. ಸರಾಸರಿ 140 ಗಳಿಸುವ ವೃದ್ಧೆಯೊಬ್ಬಳಿಗೆ ಪ್ರತಿ ಆಟಕ್ಕೂ 72 ಅಂಕಗಳು ಮೊದಲೇ ದೊರೆಯುತ್ತವೆ. 200ರ ಸರಾಸರಿಯ ತರುಣನಿಗೆ 18 ಮಾತ್ರ. ಇಬ್ಬರೂ ತಮ್ಮ ತಮ್ಮ ಸರಾಸರಿಯನ್ನೇ ಆಡಿದರೆ ಅವಳದು 212, ಅವನದು 218. ಅವಳು ತನ್ನ ಸಾಮರ್ಥ್ಯವನ್ನು ಏಳು ಪಿನ್ನುಗಳಷ್ಟು ಮೀರಿದಳೋ, ಗೆಲುವು ಅವಳದು. ಬಲಿಷ್ಠನನ್ನು ತಗ್ಗಿಸದೆ ದುರ್ಬಲನನ್ನು ನಿಜವಾದ ಸ್ಪರ್ಧಿಯನ್ನಾಗಿ ಮಾಡುವ ಇಂಥ ಏರ್ಪಾಡು ಎಲ್ಲ ಆಟಗಳಿಗೂ ಇಲ್ಲ. ನಿನ್ನೆಯ ನನಗಿಂತ ಇಂದಿನ ನಾನು ಮೇಲಾದೆನೇ ಎಂಬ ಪ್ರಶ್ನೆಯನ್ನು ಅದು ಪ್ರತಿಯೊಬ್ಬನ ಮುಂದೆಯೂ ಇಡುತ್ತದೆ. ಆ ಪ್ರಶ್ನೆಗೆ ಉತ್ತರ ಪಡೆಯಲು ಮುಂದಿನ ವಾರವೂ ಬರಲೇಬೇಕು. ಬಂದಾಗ, ತನ್ನ ಸರದಿಗೆ ಕಾಯುವ ವಿರಾಮದಲ್ಲಿ, ಬೇರೆ ವೃತ್ತಿಯವರು, ಬೇರೆ ಮತದವರು, ಬೇರೆ ವಯಸ್ಸಿನವರು ಪಕ್ಕದಲ್ಲಿ ಕುಳಿತಿರುತ್ತಾರೆ, ಮಾತು ಬೆಳೆಯುತ್ತದೆ. ಪಟ್ನಮ್ ಅವರು ಗುರುತಿಸಿದ ಇನ್ನೊಂದು ಸಂಗತಿಯನ್ನು ವ್ಯಾಪಾರದೃಷ್ಟಿಯವರು ಮರೆಯಬಾರದು: ಲೀಗಿನವರು ಒಂಟಿಯಾಗಿ ಆಡುವವರಿಗಿಂತ ಮೂರು ಪಾಲು ಹೆಚ್ಚು ಬಿಯರನ್ನೂ ಪಿಜ್ಜಾವನ್ನೂ ಕೊಳ್ಳುತ್ತಿದ್ದರು, ಮಾಲೀಕರ ಲಾಭವೂ ಅದರಲ್ಲಿಯೇ ಇದ್ದಿತು. ಸ್ನೇಹವಿದ್ದಲ್ಲಿ ಜನರು ಹೆಚ್ಚು ಹೊತ್ತು ಕುಳಿತಿರುತ್ತಾರೆಂಬುದು ಅಂಗಡಿಯ ಲೆಕ್ಕಕ್ಕೂ ಹೊಂದುವ ಮಾತು.

ಇಲ್ಲಿ ಒಂದು ಆಕ್ಷೇಪವನ್ನು ಗೌರವದಿಂದ ಎದುರುಗೊಳ್ಳಬೇಕು. ಹಳೆಯ ಸಂಘಗಳು ಎಲ್ಲರಿಗೂ ತೆರೆದಿರಲಿಲ್ಲ; ಹಾಗಿರುವಲ್ಲಿ ಅವುಗಳನ್ನು ಸೌಹಾರ್ದದ ಮಾದರಿಯೆಂದು ಹೊಗಳುವುದು ಹೇಗೆ? ಆಕ್ಷೇಪವು ನ್ಯಾಯವಾದುದು. 1895ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪಿತವಾದ ಅಮೆರಿಕನ್ ಬೌಲಿಂಗ್ ಕಾಂಗ್ರೆಸ್ಸು ಸ್ತ್ರೀಯರನ್ನು ಸೇರಿಸಿಕೊಳ್ಳಲಿಲ್ಲ. ಅವರು 1916ರಲ್ಲಿ ಸೇಂಟ್ ಲೂಯಿಸ್ಸಿನಲ್ಲಿ ತಮ್ಮದೇ ಸಂಘವನ್ನು ಕಟ್ಟಿಕೊಳ್ಳಬೇಕಾಯಿತು. ಬಿಳಿಯರಿಗೆ ಮಾತ್ರ ಸದಸ್ಯತ್ವವೆಂಬ ನಿಯಮವು ಕಾಂಗ್ರೆಸ್ಸಿನಲ್ಲಿ 1950ರವರೆಗೆ ನಿಂತಿತ್ತು. ಆದರೆ ಆ ಅನ್ಯಾಯವನ್ನು ಮುರಿದವರು ಯಾರು? 1939ರಲ್ಲಿ ಡೆಟ್ರಾಯ್ಟಿನಲ್ಲಿ ಸಂಘಟಿತರಾದ ಕರಿಯ ಬೌಲರುಗಳು, ಮೋಟಾರು ಕಾರ್ಖಾನೆಗಳ ಕಾರ್ಮಿಕಸಂಘ, ಆಗ ಮಿನಿಯಾಪೊಲಿಸ್ಸಿನ ಮೇಯರಾಗಿದ್ದ ಹ್ಯೂಬರ್ಟ್ ಹಂಫ್ರಿಯಂಥ ಸಾರ್ವಜನಿಕರು: ಇವರೆಲ್ಲ ವರ್ಷಗಟ್ಟಲೆ ಒತ್ತಾಯ ಹೇರಿ ಆ ನಿಯಮವನ್ನು ತೆಗೆಸಿದರು. 1968ರ ಫೆಬ್ರವರಿಯಲ್ಲಿ ದಕ್ಷಿಣ ಕೆರೊಲಿನಾದ ಆರಂಜ್‌ಬರ್ಗಿನಲ್ಲಿ, ಕರಿಯರಿಗೆ ಪ್ರವೇಶ ಕೊಡದ ಬೌಲಿಂಗ್ ಕೇಂದ್ರವೊಂದರ ವಿರುದ್ಧ ವಿದ್ಯಾರ್ಥಿಗಳು ನಡೆಸಿದ ಪ್ರತಿಭಟನೆಯು ಪೊಲೀಸರ ಗುಂಡಿನ ದಾಳಿಯಲ್ಲಿ ಪರ್ಯವಸಾನವಾಯಿತು. ಮೂವರು ತರುಣರು ಪ್ರಾಣ ಕಳೆದುಕೊಂಡರು. ಇಪ್ಪತ್ತೈದಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಆ ತರುಣರು ಬೇಡಿದುದು ಊರಿನ ಇತರರಂತೆ, ಇತರರೊಡನೆ, ತಾವೂ ಆಡುವ ಸ್ಥಾನವನ್ನು. ಹೀಗೆ ನೆತ್ತರು ತೆತ್ತು ಎಲ್ಲರಿಗೂ ತೆರೆಯಿಸಿದ ಬಾಗಿಲಿನೊಳಗೆ ಇಂದು ಜನರು ತಂತಮ್ಮ ಕೂಟದವರೊಡನೆ ಮಾತ್ರ ಬಂದು, ಪಕ್ಕದ ಲೇನಿನವರ ಹೆಸರನ್ನೂ ಕೇಳದೆ ಹೊರಟುಹೋಗುವುದೇ ಆಟದ ಪರಮಗತಿಯೆಂದು ಹೇಳುವುದು ಆ ಹೋರಾಟಕ್ಕೆ ಸಲ್ಲುವ ಗೌರವವಲ್ಲ.

ಈ ಕಾಲದ ತರುಣರಿಗೆ ವಾರವಾರವೂ ಬರುವ ಬದ್ಧತೆ ಬೇಡವೆಂಬುದು ಎರಡನೆಯ ಆಕ್ಷೇಪ. ಅಮೆರಿಕದ ಶಾಲೆಗಳೇ ಇದಕ್ಕೆ ಉತ್ತರ ಕೊಡುತ್ತಿವೆ. ಅಲ್ಲಿನ ಅನೇಕ ರಾಜ್ಯಗಳಲ್ಲಿ ಪ್ರೌಢಶಾಲೆಗಳ ಬೌಲಿಂಗ್ ತಂಡಗಳು ರಾಜ್ಯಮಟ್ಟದ ಪದವಿಗಾಗಿ ಸೆಣಸುತ್ತವೆ. 2004ರಿಂದ ಕಾಲೇಜು ವಿದ್ಯಾರ್ಥಿನಿಯರಿಗೆ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯುತ್ತ ಬಂದಿದೆ, ನೆಬ್ರಾಸ್ಕಾದಂಥ ವಿಶ್ವವಿದ್ಯಾಲಯಗಳು ಅದರಲ್ಲಿ ಕೀರ್ತಿ ಗಳಿಸಿವೆ. ಎಳೆಯ ಆಟಗಾರರು ಗೆದ್ದ ವಿದ್ಯಾರ್ಥಿವೇತನಗಳನ್ನು ಅವರ ಓದಿಗೆಂದು ಕಾದಿರಿಸುವ ವ್ಯವಸ್ಥೆಯೂ ಇದೆ. ದೇಹದ ಎತ್ತರ, ಓಟದ ವೇಗ ಇವುಗಳಿಂದಾಗಿ ಬೇರೆ ಕ್ರೀಡೆಗಳಲ್ಲಿ ಸ್ಥಾನ ದೊರೆಯದ ಮಕ್ಕಳಿಗೆ ಶಾಲೆಯ ಅಂಗಿಯನ್ನು ತೊಟ್ಟು ಆಡುವ ಭಾಗ್ಯವನ್ನು ಈ ಆಟವು ಕೊಡುತ್ತದೆ. ಅಭ್ಯಾಸದ ಕಟ್ಟುಪಾಡನ್ನು ಆ ಮಕ್ಕಳು ಸಂತೋಷದಿಂದ ಹೊರುತ್ತಾರೆ, ಏಕೆಂದರೆ ಅದನ್ನು ಹೊರಲು ಅವರನ್ನು ಕರೆದವರಿದ್ದರು. ಮೂವತ್ತು ವಾರಗಳು ದೀರ್ಘವಾದುವೆಂದರೆ ಎಂಟು ವಾರಗಳ ಲೀಗನ್ನು ಏರ್ಪಡಿಸಬಹುದು. ವಾರಕ್ಕೊಮ್ಮೆ ಕಷ್ಟವೆಂದರೆ ಹದಿನೈದು ದಿನಕ್ಕೊಮ್ಮೆ. ಐವರ ತಂಡ ಕೂಡದಿದ್ದರೆ ಇಬ್ಬರದು. ಮೂವತ್ತು ವಾರಗಳೆಂಬುದು ಒಂದು ಕಾಲದ ಕಾರ್ಖಾನೆಯ ಬಾಳಿಗೆ ಹೊಂದಿದ ಅಳತೆ, ಅದು ಬದಲಾಗಬಹುದು. ಮರಳಿ ಬರುವ ನಿಯಮ ಮತ್ತು ಒಟ್ಟಿಗೆ ಆಡುವ ಬಂಧ ಇವೆರಡು ಬದಲಾಗತಕ್ಕವಲ್ಲ.

ಯಂತ್ರವು ಆಟವನ್ನು ಉಳಿಸುವುದೆಂಬ ನಂಬಿಕೆಯನ್ನೂ ಇಲ್ಲಿಯೇ ಪರಿಶೀಲಿಸಬೇಕು. ಬಾಲ್ಟಿಮೋರಿನ ಸುತ್ತಮುತ್ತ ಪ್ರಿಯವಾಗಿದ್ದ, ಸಣ್ಣ ಚೆಂಡಿನ ಡಕ್‌ಪಿನ್ ಎಂಬ ಪ್ರಭೇದಕ್ಕೆ 1953ರಲ್ಲಿ ಕೆನ್ನೆತ್ ಶೆರ್ಮನ್ ಎಂಬವರು ಯಂತ್ರವನ್ನು ರಚಿಸಿಕೊಟ್ಟರು. ಅದರ ತಯಾರಿಕೆಯು ನಿಂತುಹೋದ ಮೇಲೆ, ಮುಚ್ಚಿದ ಕೇಂದ್ರದ ಯಂತ್ರವನ್ನು ಬಿಚ್ಚಿ ಅದರ ಭಾಗಗಳಿಂದ ತೆರೆದ ಕೇಂದ್ರದ ಯಂತ್ರವನ್ನು ರಿಪೇರಿ ಮಾಡುತ್ತ ಆ ಆಟವು ದಿನದೂಡುವಂತಾಯಿತು. ಅದೇ ದೇಶದ ಟೆಕ್ಸಾಸಿನಲ್ಲಿ, ನ್ಯೂ ಬ್ರಾನ್‌ಫೆಲ್ಸ್ ಊರಿನ ಆಸುಪಾಸಿನಲ್ಲಿ, ಜರ್ಮನ್ ವಲಸಿಗರು ತಂದ ಒಂಬತ್ತು ಪಿನ್ನುಗಳ ಆಟವು ಯಂತ್ರದ ಹಂಗೇ ಇಲ್ಲದೆ ಇಂದಿಗೂ ಜೀವಂತವಾಗಿದೆ. ಅಲ್ಲಿ ಪಿನ್ನುಗಳನ್ನು ನಿಲ್ಲಿಸುವವರು ಮನುಷ್ಯರೇ. ತಂಡಕ್ಕೆ ಆರು ಮಂದಿ. ಮುಂದಿನ ಎಸೆತವನ್ನು ಯಾರು ಎಸೆಯಬೇಕೆಂಬುದನ್ನು ನಾಯಕನು ಉಳಿದ ಪಿನ್ನುಗಳ ನಿಲುವನ್ನು ನೋಡಿ ನಿರ್ಣಯಿಸುತ್ತಾನೆ. ಒಬ್ಬನು ಬಿಟ್ಟುದನ್ನು ಇನ್ನೊಬ್ಬನು ಕೆಡಹಬೇಕು. ಆ ಕ್ಲಬ್ಬುಗಳು ಸದಸ್ಯರ ಸ್ವತ್ತು. ಊರಿನವರು ತಲೆಮಾರುಗಳಿಂದ ಅಲ್ಲಿ ಕೂಡುತ್ತ ಬಂದಿದ್ದಾರೆ. ಯಂತ್ರವಿದ್ದ ಆಟವು ಸೊರಗಿ, ಯಂತ್ರವಿಲ್ಲದ ಆಟವು ಉಳಿದುದಕ್ಕೆ ಈ ಕೂಡಿಕೆಯ ಹೊರತು ಬೇರೆ ಕಾರಣ ನನಗೆ ತೋರದು. ಪಿನ್ನುಗಳ ತಲೆಗೆ ದಾರ ಕಟ್ಟಿ ಮೇಲೆತ್ತುವ ಹೊಸ ಯಂತ್ರಗಳ ವಿಷಯದಲ್ಲಿಯೂ ನನ್ನ ಮಾತು ಇದೇ. ದಾರವು ಪಿನ್ನಿನ ಸ್ವಚ್ಛಂದವಾದ ಉರುಳಾಟವನ್ನು ತಡೆಯುವುದರಿಂದ ಅದು ಬೇರೆ ಬಗೆಯ ಆಟವೆಂದು ಅಮೆರಿಕದ ಸಂಘವು 2023ರಲ್ಲಿ ಅದಕ್ಕೆ ಪ್ರತ್ಯೇಕ ಮಾನ್ಯತೆಯನ್ನು ಕೊಟ್ಟುದು ಯುಕ್ತವಾಯಿತು. ಆ ಯಂತ್ರಕ್ಕೆ ವಿದ್ಯುತ್ತು ಕಡಿಮೆ ಸಾಕು, ರಿಪೇರಿಯೂ ಕಡಿಮೆ. ಆ ಉಳಿತಾಯದಿಂದ ಸಣ್ಣ ಊರಿನಲ್ಲಿ, ಶಾಲೆಯ ಆವರಣದಲ್ಲಿ ನಾಲ್ಕು ಲೇನುಗಳನ್ನು ತೆರೆದು ಆಟಗಾರರನ್ನು ಬೆಳೆಸಿದರೆ ಅದು ವರ. ಮೆಕ್ಯಾನಿಕ್ಕನ ಸಂಬಳ ಉಳಿಸಿ ದೀಪಗಳನ್ನು ಹೆಚ್ಚಿಸಿದರೆ ವ್ಯರ್ಥ.

ನಮ್ಮ ನಾಡಿಗೆ ಈ ವಿಚಾರವು ಸಂಬಂಧಿಸದೆಂದು ಭಾವಿಸಬೇಕಾದುದಿಲ್ಲ. ಭಾರತಕ್ಕೆ ಈ ಆಟವು ಲೀಗುಗಳ ಮೂಲಕ ಬರಲಿಲ್ಲ. ಬಹುಮಟ್ಟಿಗೆ ಮಾಲುಗಳ ಮೂಲಕ, ವಿನೋದಗಳಲ್ಲಿ ಒಂದಾಗಿಯೇ ಬಂದಿತು. ಎದುರುಪಕ್ಷದವರು ಯಾವುದನ್ನು ಭವಿಷ್ಯವೆಂದು ಸಾರುತ್ತಾರೋ ಅದು ನಮ್ಮಲ್ಲಿ ಆರಂಭದಿಂದಲೇ ಇದೆ. ಅದರ ಫಲವನ್ನೂ ಕಾಣಬಹುದು. ಬೆಂಗಳೂರಿನ ತರುಣತರುಣಿಯರಲ್ಲಿ ಒಮ್ಮೆಯಾದರೂ ಚೆಂಡನ್ನು ಉರುಳಿಸಿದವರು ಎಷ್ಟೋ ಮಂದಿ. ತಮ್ಮ ಸರಾಸರಿ ಎಷ್ಟೆಂದು ಹೇಳಬಲ್ಲವರು ಬೆರಳೆಣಿಕೆಯವರು. ಚರ್ಚ್ ಸ್ಟ್ರೀಟಿನ ಅಮೀಬಾ ಎಂಬ ಬೌಲಿಂಗ್ ಕೇಂದ್ರದಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆದದ್ದುಂಟು. ಏಷ್ಯನ್ ಕ್ರೀಡಾಕೂಟವು 1978ರಲ್ಲಿಯೇ ಬೌಲಿಂಗಿಗೆ ಸ್ಥಾನ ಕೊಟ್ಟಿತ್ತು. ಆದರೂ ನಗರದ ಸಾಮಾನ್ಯ ಜನರ ಮನಸ್ಸಿನಲ್ಲಿ ಇದು ಇನ್ನೂ ಆಟವಾಗಿ ನೆಲೆಗೊಂಡಿಲ್ಲ. ಬೆಂಗಳೂರಿಗೆ ಲೀಗಿನ ಪರಂಪರೆಯೇ ಹೊಸದೆಂದು ಯಾರೂ ಹೇಳಲಾರರು. ಎಚ್.ಎ.ಎಲ್., ಐ.ಟಿ.ಐ., ಎಲ್.ಆರ್.ಡಿ.ಇ. ಮೊದಲಾದ ಸಂಸ್ಥೆಗಳ ನೌಕರರ ತಂಡಗಳು ಈ ನಗರದ ಫುಟ್‌ಬಾಲ್ ಲೀಗಿಗೆ ಎಂಥ ಚೈತನ್ಯವನ್ನು ಕೊಟ್ಟುವೆಂಬುದನ್ನು ಹಿರಿಯರು ಬಲ್ಲರು. ಇಂದಿನ ಕಂಪನಿಗಳು ಟೀಮ್ ಔಟಿಂಗ್ ಎಂಬ ಹೆಸರಿನಲ್ಲಿ ವರ್ಷಕ್ಕೊಂದು ಸಂಜೆ ಲೇನುಗಳನ್ನು ಗೊತ್ತುಮಾಡಿ ಹಣ ತೆರುತ್ತವೆ. ಆ ಹಣದಲ್ಲಿಯೇ ಹತ್ತು ಕಂಪನಿಗಳು ಸೇರಿ, ಮಂಗಳವಾರವೋ ಬುಧವಾರವೋ ಕೇಂದ್ರಗಳು ಬರಿದಾಗಿರುವ ಸಂಜೆಗಳಲ್ಲಿ, ಎಂಟು ವಾರಗಳ ಲೀಗೊಂದನ್ನು ಹ್ಯಾಂಡಿಕ್ಯಾಪಿನೊಡನೆ ನಡೆಸಿದರೆ, ಒಂದೇ ಕಟ್ಟಡದಲ್ಲಿ ದುಡಿದೂ ಅಪರಿಚಿತರಾಗಿ ಉಳಿದವರು ಪರಸ್ಪರ ಪರಿಚಿತರಾದಾರು. ಅವರಲ್ಲಿ ಕೆಲವರಾದರೂ ಆಟವನ್ನು ಜೀವನಪರ್ಯಂತ ಹಿಡಿದಾರು.

ಆದುದರಿಂದ ಸಿದ್ಧಾಂತವಿಷ್ಟು. ಬಂದುಹೋಗುವ ಅತಿಥಿಯನ್ನು ಯಾವ ಕೇಂದ್ರವೂ ತಿರಸ್ಕರಿಸಬೇಕಾಗಿಲ್ಲ. ಲೀಗಿನ ಪ್ರತಿಯೊಬ್ಬ ಆಟಗಾರನೂ ಒಂದು ದಿನ ಅತಿಥಿಯಾಗಿಯೇ ಬಂದವನು. ಅವನನ್ನು ಅತಿಥಿಯಾಗಿಯೇ ಇಟ್ಟುಕೊಳ್ಳುವ ನೀತಿಯನ್ನು ನಾನು ಖಂಡಿಸುತ್ತೇನೆ. ಅವನ ಬೆರಳಿಗೆ ಹೊಂದುವ ಚೆಂಡನ್ನು ಆರಿಸಿಕೊಡುವ, ಪಿನ್ನುಗಳ ನಡುವಣ ಆ ಸಂದನ್ನು ತೋರಿಸಿಕೊಡುವ, ಮುಂದಿನ ಗುರುವಾರ ಬಂದರೆ ತಂಡವೊಂದರಲ್ಲಿ ನಿಮಗೆ ಸ್ಥಳವಿದೆಯೆಂದು ಹೇಳುವ ಒಬ್ಬ ಮನುಷ್ಯನು ಪ್ರತಿಯೊಂದು ಕೇಂದ್ರದಲ್ಲಿಯೂ ಇರತಕ್ಕದ್ದು. ಒಳ್ಳೆಯ ಸಂಜೆಗಳಲ್ಲಿ ಕೆಲವು ಲೇನುಗಳು, ಬಾಡಿಗೆ ಕಡಿಮೆಯಾದರೂ ಸರಿಯೆ, ಮರಳಿ ಬರುವವರಿಗೆಂದು ಮೀಸಲಿರತಕ್ಕದ್ದು. ಶಾಲೆಗಳಿಗೆ ಹಗಲಿನ ಹೊತ್ತು ದೊರೆಯತಕ್ಕದ್ದು. ಇದರಿಂದ ಈ ವರ್ಷದ ಲಾಭದಲ್ಲಿ ಕೊಂಚ ಕಡಿಮೆಯಾದೀತು. ಹತ್ತು ವರ್ಷಗಳ ಮೇಲೆ ಕೇಂದ್ರದ ದೀಪಗಳು ಹಳತಾಗಿ, ಅದಕ್ಕಿಂತ ಬೆರಗಿನ ವಿನೋದವೊಂದು ಪಕ್ಕದ ಬೀದಿಯಲ್ಲಿ ತೆರೆದಾಗ, ಅಂದಿಗೂ ಚೆಂಡಿನ ಚೀಲವನ್ನು ಹೆಗಲಿಗೇರಿಸಿಕೊಂಡು ಈ ಬಾಗಿಲಿಗೇ ಬರುವವರು ಇದ್ದಾರೆಯೆ ಎಂಬುದರ ಮೇಲೆ ಬೌಲಿಂಗಿನ ಭವಿಷ್ಯವು ನಿಂತಿದೆ. ಅಂಥವರನ್ನು ಬೆಳೆಸುವ ಕೆಲಸವು ಇಂದು ನಡೆಯಬೇಕು. ಅದನ್ನು ಮಾಡಬಲ್ಲವರು ಈಗ ಲೇನುಗಳನ್ನು ಕೈಯಲ್ಲಿಟ್ಟುಕೊಂಡಿರುವವರೇ.